ದೊಡ್ಡ ಬ್ಲೂಗಿಲ್ ಬೇಕಿದ್ದರೆ

ಬದಿಯಡ್ಕ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಡಿಕೆಗೆ ಎರಡನೇ ಮದ್ದು ಬಿಟ್ಟಾಯಿತು. ಅಮೆರಿಕದ ಮಿನೆಸೋಟದ ನಿಮ್ಮ ಕೆರೆಯಲ್ಲಿ ಬ್ಲೂಗಿಲ್ ಎಂಬ ಸಿಹಿನೀರಿನ ಮೀನು ಬೇಕಾದಷ್ಟಿದೆ, ಆದರೆ ಒಂದೂ ಅಂಗೈ ಮೀರುವುದಿಲ್ಲ, ಹತ್ತು ಇಂಚಿನದು ಸಿಗಲು ಏನು ಮಾಡಬೇಕು ಎಂದು ಕೇಳಿದ್ದೀಯಲ್ಲ, ಜೀವಶಾಸ್ತ್ರ ಕಲಿಸಿದವನಿಗೆ ಇದಕ್ಕಿಂತ ಸಂತೋಷದ ಪ್ರಶ್ನೆ ಬೇರಿಲ್ಲ.

ನಮ್ಮ ಮದಕಗಳಲ್ಲಿ ತಿಲಾಪಿಯದ ಗತಿ ನೀನು ಕಂಡವನೇ. 1952ರಲ್ಲಿ ಈ ದೇಶಕ್ಕೆ ಬಂದ ಆ ಮೀನು ಸಣ್ಣದಿರುವಾಗಲೇ ಮರಿಮಾಡುತ್ತದೆ. ಇರುವ ಆಹಾರ ಸಾವಿರ ಬಾಯಿಗೆ ಹಂಚಿಹೋಗಿ ಯಾವುದೂ ಬೆಳೆಯುವುದಿಲ್ಲ. ಬ್ಲೂಗಿಲ್‌ನದೂ ಹೆಚ್ಚುಕಡಿಮೆ ಇದೇ ಕಥೆ, ಆದರೆ ಅಲ್ಲಿ ಗಂಡಿನ ಪಾತ್ರ ದೊಡ್ಡದು.

ನೀರು ಸುಮಾರು 20 ಡಿಗ್ರಿಗೆ ಬೆಚ್ಚಗಾದಾಗ ಗಂಡುಗಳು ದಡದ ಹತ್ತಿರ ಬಾಲದಿಂದ ಮರಳು ಗುಡಿಸಿ ಒತ್ತೊತ್ತಾಗಿ ಗೂಡು ಮಾಡುತ್ತವೆ. ಹೆಣ್ಣು ಮೊಟ್ಟೆಯಿಟ್ಟು ಹೋಗುತ್ತದೆ, ಕಾವಲು ಗಂಡಿನದು. ಈ ಕಾವಲುಗಾರ ಬೇಗ ಪ್ರಾಯಕ್ಕೆ ಬರುವವನಲ್ಲ. ಕೆನಡಾದ ಒಪಿನಿಕನ್ ಸರೋವರದಲ್ಲಿ ಅವನಿಗೆ ಏಳು ವರ್ಷದಷ್ಟು ಬೇಕೆಂದು ಕಂಡಿದ್ದಾರೆ. ಅಲ್ಲಿಯವರೆಗೆ ತಿಂದದ್ದೆಲ್ಲ ಮೈಗೆ ಹೋಗುತ್ತದೆ. ತಾವು ಗೂಡು ಕಟ್ಟದೆ ಬೇರೆ ಗಂಡಿನ ಗೂಡಿಗೆ ಕದ್ದು ನುಗ್ಗುವ ಸಣ್ಣ ಗಂಡುಗಳೂ ಇವೆ. ಅವು ಎರಡೇ ವರ್ಷಕ್ಕೆ ಪ್ರಾಯಕ್ಕೆ ಬರುತ್ತವೆ, ದೊಡ್ಡವಾಗುವುದಿಲ್ಲ.

ಈಗ ಜನ ಏನು ಮಾಡುತ್ತಾರೆ ನೋಡು. ಗೂಡಿನ ಮೇಲೆ ನಿಂತ ದೊಡ್ಡ ಗಂಡು ಸುಲಭಕ್ಕೆ ಗಾಳಕ್ಕೆ ಬೀಳುತ್ತದೆ, ಅದನ್ನೇ ಆರಿಸಿ ಒಯ್ಯುತ್ತಾರೆ. ದೊಡ್ಡವರ ಪೈಪೋಟಿ ತಪ್ಪಿದ್ದೇ ತಡ, ಕಿರಿಯ ಗಂಡುಗಳು ಬೆಳೆಯುವುದನ್ನು ಬಿಟ್ಟು ಬೇಗ ಮರಿಮಾಡುವ ಕೆಲಸಕ್ಕೆ ಇಳಿಯುತ್ತವೆ. ಕೆರೆ ಕೆಡುವುದು ಹೆಚ್ಚಾಗಿ ಇಲ್ಲೇ ಎಂದು ನನ್ನ ಖಂಡಿತ ಅಭಿಪ್ರಾಯ. ಉತ್ತರದ ಆ ಚಳಿನೀರಿನಲ್ಲಿ 8 ಇಂಚು ದಾಟಲು ಆರೇಳು ವರ್ಷ, ಎಷ್ಟೋ ಕಡೆ ಅದಕ್ಕೂ ಹೆಚ್ಚು ಬೇಕು. ಒಂದು ಮಧ್ಯಾಹ್ನ ಬಕೆಟ್ಟಿಗೆ ಹಾಕಿದ್ದನ್ನು ಕೆರೆ ಅಷ್ಟು ಬೇಗ ಮರಳಿ ಕೊಡಲಾರದು. ಮಿನೆಸೋಟದಲ್ಲೇ ಒಬ್ಬರಿಗೆ ದಿನಕ್ಕೆ 20 ಮೀನು ಎಂಬ ಸಾಮಾನ್ಯ ಮಿತಿಯನ್ನು 2021ರಿಂದ ಆಯ್ದ ಕೆರೆಗಳಲ್ಲಿ 10ಕ್ಕೆ ಇಲ್ಲವೇ 5ಕ್ಕೆ ಇಳಿಸಿದ್ದು ಇದಕ್ಕೇ. ನಿಮ್ಮ ಕೆರೆಗೆ ಯಾವ ಮಿತಿ ಎಂದು ವಿಚಾರಿಸು. ಊಟಕ್ಕೆ ಆರೇಳು ಇಂಚಿನದೇ ಸಾಕು ಮಗಾ. ದೊಡ್ಡದು ಬಂದರೆ ಅಳೆದು ನೀರಿಗೇ ಬಿಡು, ಗೂಡಿನ ಕಾಲದಲ್ಲಂತೂ ತಪ್ಪದೆ.

ಮರಿಗಳ ಸಂಖ್ಯೆ ಇಳಿಸಲು ಅವನ್ನು ತಿನ್ನುವ ಬಾಸ್ ಮೀನು ಬೇಕು. 10ರಿಂದ 14 ಇಂಚಿನ ಬಾಸ್ ಇದ್ದರೆ ಹಿಡಿಯಲು ಹೋಗಬೇಡ, ಉಳಿದ ಬ್ಲೂಗಿಲ್‌ಗೆ ಹೊಟ್ಟೆತುಂಬ ಸಿಗುವುದು ಅವುಗಳಿಂದಲೇ. ಜೊಂಡು, ನೀರುಗಿಡ ಕೆರೆಯಿಡೀ ಹಬ್ಬಿದರೆ ಮರಿಗಳು ಅಡಗಿ ಬದುಕಿಬಿಡುತ್ತವೆ. ಹಾಗೆಂದು ಬೋಳಿಸಲೂಬೇಡ, ಬ್ಲೂಗಿಲ್‌ನ ತಿನಿಸಾದ ಹುಳ, ಬಸವನಹುಳು ಇರುವುದು ಅಲ್ಲೇ. ಕೀಳುವ ಮೊದಲು ಇಲಾಖೆಯ ಅನುಮತಿ ಬೇಕೇ ಎಂದು ಕೇಳಿಕೋ.

ಜೀವಂತ ಮೀನನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಮಾತ್ರ ಒಯ್ಯಬೇಡ. 1960ರಲ್ಲಿ ಶಿಕಾಗೋದ ಮೇಯರ್ ಜಪಾನಿನ ಯುವರಾಜ ಅಕಿಹಿತೊಗೆ ಬ್ಲೂಗಿಲ್ ಉಡುಗೊರೆ ಕೊಟ್ಟರು. ಅದು ಬಿವಾ ಸರೋವರದವರೆಗೂ ಹಬ್ಬಿ ಅಲ್ಲಿಯ ಮೀನುಗಳಿಗೆ ಕಂಟಕವಾಯಿತು. 2007ರಲ್ಲಿ, ಚಕ್ರವರ್ತಿಯಾಗಿದ್ದಾಗ, ಅವರೇ ಅದಕ್ಕೆ ನೊಂದು ಮಾತಾಡಿದರು.

ಇಷ್ಟಾದರೂ ನಿಮ್ಮ ಕೆರೆಯ ರೋಗ ಯಾವುದೆಂದು ನೋಡದೆ ಮದ್ದು ಹೇಳಲಾರೆ. ಊಟಕ್ಕೆ ಹಿಡಿದ ಮೀನುಗಳಿಂದ ನಾಲ್ಕಾರು ಹುರುಪೆ ತೆಗೆದು, ಒಣಗಿಸಿ, ಒಂದೊಂದು ಲಕೋಟೆಯ ಮೇಲೂ ಉದ್ದ, ತಾರೀಕು ಬರೆದಿಡು. ಸೂಕ್ಷ್ಮದರ್ಶಕದಲ್ಲಿ ವರ್ಷದ ಗೆರೆ ಎಣಿಸಬಹುದು. ಆರು ಇಂಚಿನ ಮೀನಿಗೆ ಎಂಟು ವರ್ಷವಾಗಿದ್ದರೆ ಅದು ಬೆಳೆಯುವುದನ್ನು ನಿಲ್ಲಿಸಿದೆ, ಬಾಸ್ ಕಡೆಗೂ ನೀರುಗಿಡದ ಕಡೆಗೂ ನೋಡಬೇಕು. ಮೂರೇ ವರ್ಷವಾಗಿದ್ದರೆ ಅದು ಬೆಳೆಯುತ್ತಲೇ ಇದೆ. ಆಗ ನೆರೆಕರೆಯವರನ್ನು ಕೂರಿಸಿ, ದೊಡ್ಡದನ್ನು ಒಯ್ಯಬೇಡಿ ಎಂದು ಕೇಳಿಕೊಳ್ಳುವುದೇ ದಾರಿ. ಊರಿಗೆ ಬರುವಾಗ ಆ ಲಕೋಟೆಗಳನ್ನು ತಾ, ಒಟ್ಟಿಗೆ ಕೂತು ಎಣಿಸುವ.

ಇತಿ ನಿನ್ನ
ದೊಡ್ಡಪ್ಪ