ಎಂಟು ವಾರ ಜೊತೆಗಿದ್ದವರಿಗೆ

ಖಿನ್ನತೆ ಮರುಕಳಿಸದಂತೆ ತಡೆಯಲು ಶಿರಸಿಯಲ್ಲಿ ನಡೆಸಿದ ಎಂಟು ವಾರಗಳ ಸಾವಧಾನ ಚಿಕಿತ್ಸೆಯ (ಈ ಕ್ಷಣ ಮನಸ್ಸು, ದೇಹದಲ್ಲಿ ನಡೆಯುವುದನ್ನು ಸರಿ-ತಪ್ಪು ಎನ್ನದೆ ಗಮನಿಸಲು ಕಲಿಸುವ ಮೈಂಡ್‌ಫುಲ್‌ನೆಸ್ ಪದ್ಧತಿ) ಗುಂಪು ಮುಗಿಯಿತು. ಮೊದಲ ಧನ್ಯವಾದ ಮನೆಯವರಿಗೆ. ಅಡಿಕೆ ಸುಲಿಯುವ ಹಂಗಾಮಿನಲ್ಲಿ ಒಬ್ಬರಿಗೆ ಮನೆಯಲ್ಲಿ ಅಭ್ಯಾಸ ಮಾಡಲು ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಆರು ದಿನ ಬಿಡುವು ಮಾಡಿಕೊಡುವುದು ಸಣ್ಣ ಮಾತಲ್ಲ. ಕೊಟ್ಟಿಗೆಯ ಕೆಲಸ ಇನ್ನೊಬ್ಬರ ತಲೆಗೆ ಬಿದ್ದಿತ್ತು.

ಸರಿಯಾದವರನ್ನೇ ಆರಿಸಿ ಕಳಿಸಿದ ಮನೋವೈದ್ಯರಿಗೂ ಋಣಿ. ಈ ಪದ್ಧತಿ ರೂಪಿಸಿದ ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ತಂಡದ 2000ರ ಅಧ್ಯಯನದಲ್ಲಿ ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದಿದ್ದವರಲ್ಲಿ ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರ ಮರುಕಳಿಕೆ ಶೇ 66 ಇದ್ದರೆ, ಈ ಪದ್ಧತಿಯನ್ನೂ ಕಲಿತವರಲ್ಲಿ ಶೇ 37 ಇತ್ತು. ಎರಡೇ ಸಲ ಬಂದಿದ್ದವರಿಗೆ ಲಾಭ ಕಾಣಲಿಲ್ಲ. ಹಾಗಾಗಿ ಎಲ್ಲರಿಗೂ ಇದೇ ಮದ್ದಲ್ಲ. ಮುಂಡಗೋಡದ ಟಿಬೆಟನ್ ಮಠಗಳು ಹತ್ತಿರವೇ ಇದ್ದರೂ ಭಿಕ್ಷುಗಳನ್ನು ಯಾಕೆ ಕರೆಸಲಿಲ್ಲ ಎಂದು ಕೇಳಿದವರಿದ್ದಾರೆ. ಈ ಪದ್ಧತಿಯ ಬೇರು ಬೌದ್ಧ ಮನಶ್ಶಾಸ್ತ್ರದ್ದು ನಿಜ, ಆದರೆ ನಡೆದದ್ದು ಚಿಕಿತ್ಸೆ, ಧ್ಯಾನ ಶಿಬಿರವಲ್ಲ.

ಎಲ್ಲಕ್ಕಿಂತ ದೊಡ್ಡ ಉಪಕಾರ "ನನ್ನತ್ರ ಆಗ್ತಾ ಇಲ್ಲ" ಎಂದು ಬಾಯಿಬಿಟ್ಟು ಹೇಳಿದವರದು. ದೇಹದ ಮೇಲೆ ಗಮನ ಹರಿಸುವಾಗ ನಿದ್ದೆ ಬಂದರೆ ಕಣ್ಣು ತೆರೆದು, ಗೋಡೆಗೊರಗಿ ಕೂತು ಮಾಡಿದರಾಯಿತು. ಉಸಿರು ಗಮನಿಸಿದೊಡನೆ ಎದೆ ಬಿಗಿಯುವವರು ಉಸಿರನ್ನು ಬಿಟ್ಟು ಅಂಗಾಲು ನೆಲಕ್ಕೆ ತಾಗುವಲ್ಲಿ ಗಮನ ಇಡಬೇಕು. ಆಘಾತ ಅನುಭವಿಸಿದವರಲ್ಲಿ ಇದು ಅಪರೂಪವಲ್ಲ, ಹಟ ಹಿಡಿದು ಮುಂದುವರಿಸಿದರೆ ಹಾನಿಯಾಗಬಹುದು. ಇನ್ನು ಮೂರು ನಿಮಿಷದ ಅಭ್ಯಾಸ: ಈಗ ಏನು ನಡೆದಿದೆ ಎಂದು ನೋಡುವುದು, ಗಮನವನ್ನು ಉಸಿರಿಗೆ ತರುವುದು, ಅಲ್ಲಿಂದ ಇಡೀ ದೇಹಕ್ಕೆ ಹರಡುವುದು. ಹಲವರು ಇದನ್ನು ಬೇಸರ ಓಡಿಸುವ ಗುಳಿಗೆಯಂತೆ ಬಳಸಲು ಹೋಗಿ ಸೋಲುತ್ತಾರೆ; ಇದು ಬೇಸರವನ್ನು ಓಡಿಸಲಿಕ್ಕಲ್ಲ, ಇದ್ದ ಹಾಗೆ ನೋಡಲಿಕ್ಕೆ.

ಕುಮಟೆಯ ಅಕ್ಕ ಫೋನ್ ಎತ್ತಲಿಲ್ಲ ಅಂದುಕೊಳ್ಳಿ. ಹೊಟ್ಟೆಯಲ್ಲಿ ಏನೋ ಕುಸಿದಂತಾಗುತ್ತದೆ. "ಅವಳಿಗೂ ನಾನು ಬೇಡ" ಎಂಬುದು ಅದರ ಬೆನ್ನಿಗೇ ಬರುತ್ತದೆ. ಬುದ್ಧ ಹೇಳಿದ ಎರಡನೆಯ ಬಾಣ ಇದೇ: ಮೊದಲನೆಯದು ತಾನಾಗಿ ಬಂದ ನೋವು, ಎರಡನೆಯದು ಅದರ ಮೇಲೆ ನಾವೇ ಹೂಡಿಕೊಳ್ಳುವ ಸಂಕಟ. ಬಂದ ಅನುಭವ ಹಿತವೋ, ಅಹಿತವೋ, ಎರಡೂ ಅಲ್ಲದ್ದೋ ಎಂದು ಮೊದಲ ಕ್ಷಣದಲ್ಲೇ ಗುರುತಿಸುವುದನ್ನು ಕಲಿಸುವುದು ಈ ಎರಡು ಬಾಣಗಳ ನಡುವೆ ತುಸು ಜಾಗ ಮಾಡಲಿಕ್ಕೆ.

ಗುಂಪು ಸೇರಲು ಜಗಲಿ ಬಿಟ್ಟುಕೊಟ್ಟು, ಪ್ರತಿ ಸಲ ಎರಡೂವರೆ ತಾಸು ಮಿಕ್ಸರ್ ಸಹ ಹಚ್ಚದ ಮನೆಯವರಿಗೆ ಬೇರೆಯೇ ನಮಸ್ಕಾರ.

ಖಿನ್ನತೆ ಮರಳುವ ಮುನ್ಸೂಚನೆಗಳನ್ನು ಕೊನೆಯ ವಾರ ಬರೆದ ಚೀಟಿ ಕಪಾಟಿನ ಬಾಗಿಲಿಗೇ ಇರಲಿ: ನಸುಕಿಗೇ ಎಚ್ಚರ, ಫೋನ್ ತಪ್ಪಿಸುವುದು, ಊಟ ಸೇರದಿರುವುದು. ಆರಾಮಾಗಿದ್ದೇನೆಂದು ಮಾತ್ರೆಯನ್ನು ನೀವಾಗಿಯೇ ಬಿಡಬೇಡಿ, ವೈದ್ಯರನ್ನು ಕೇಳಿ. ರಾತ್ರಿ ತಡೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು.