ಸ್ವಂತ ಓದಿಗೂ ನಿದ್ದೆಗೂ ವೇಳೆ ಬಿಡಿ

ಮಾನ್ಯ ಸಂಪಾದಕರೇ,

ದಸರಾ ರಜೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಅನೇಕ ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸ್ಪೆಷಲ್ ಕ್ಲಾಸ್ ಶುರುವಾಗುತ್ತದೆ. ಬೆಳಿಗ್ಗೆ ಏಳೂವರೆಗೇ ಶಾಲೆ ಸೇರುವ ಮಗು ಸಂಜೆ ಅಲ್ಲಿಂದ ಹೊರಟು, ಟ್ಯೂಷನ್ ಮುಗಿಸಿ, ಟ್ರಾಫಿಕ್ ದಾಟಿ ಮನೆ ತಲುಪುವಾಗ ರಾತ್ರಿ ಎಂಟೂವರೆಯಾಗಿರುತ್ತದೆ. ಊಟ ಮಾಡಿ, ಹೋಂವರ್ಕ್ ಬರೆದು ಏಳುವ ಹೊತ್ತಿಗೆ ಹನ್ನೊಂದು ದಾಟಿರುತ್ತದೆ. ದಿನವಿಡೀ ಪಾಠ ಕೇಳಿದ ಈ ಮಗು ತಾನಾಗಿ ಕುಳಿತು ಓದಿದ್ದು ಯಾವಾಗ ಎಂದು ಕೇಳಿದರೆ ಶಾಲೆಯವರಲ್ಲೂ ಉತ್ತರವಿಲ್ಲ, ಪೋಷಕರಲ್ಲೂ ಇಲ್ಲ. ಪಾಠ ಹೆಚ್ಚಿದಷ್ಟೂ ಮಕ್ಕಳ ಓದು ಕಡಿಮೆಯಾಗುತ್ತಿರುವ ಈ ವೈಪರೀತ್ಯವನ್ನು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಾಗಿ, ಶಿಕ್ಷಣ ಇಲಾಖೆಯ ಮತ್ತು ಪೋಷಕರ ಗಮನಕ್ಕೆ ತರಬಯಸುತ್ತೇನೆ.

ನಮ್ಮ ಬೀದಿಯ ಕೆಲವು ಮಕ್ಕಳು ಭಾನುವಾರ ಸಂದೇಹ ಕೇಳಲು ಮನೆಗೆ ಬರುತ್ತಾರೆ. ಅವರಲ್ಲೊಬ್ಬಳ ವಿಜ್ಞಾನ ಪುಸ್ತಕ ತೆರೆದರೆ ಹಾಳೆಯ ತುಂಬ ಹಳದಿ ಹೈಲೈಟರ್ ಬಣ್ಣ. ಬಣ್ಣ ಬೀಳದ ಸಾಲನ್ನು ಹುಡುಕಬೇಕು. ‘ಹೃದಯದ ಪಾಠ ಓದಿದ್ದೀಯೇನಮ್ಮಾ’ ಎಂದರೆ ‘ಬೇಕಾದಷ್ಟು ಸಲ ಓದಿದ್ದೀನಿ ಸರ್’ ಎಂದಳು. ಪುಸ್ತಕ ಮುಚ್ಚಿಸಿ, ಚಿತ್ರ ಬರೆದು ಭಾಗಗಳನ್ನು ಗುರುತಿಸಲು ಹೇಳಿದೆ. ಹೊರಗೆರೆ ಅಂದವಾಗಿಯೇ ಬಂತು. ಆದರೆ ಮೇಲಿನ ಕೋಣೆಗಳಾದ ಹೃತ್ಕರ್ಣಗಳು ಕೆಳಗೂ ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳು ಮೇಲೂ ಹೋದವು. ಶ್ವಾಸಕೋಶದಿಂದ ಬರುವ ರಕ್ತ ಯಾವ ಕೋಣೆಯನ್ನು ಸೇರುತ್ತದೆಂದು ಬಾಣ ಎಳೆಯಬೇಕಾದಾಗ ಪೆನ್ಸಿಲ್ ನಿಂತೇಬಿಟ್ಟಿತು. ಹುಡುಗಿ ಚುರುಕಾಗಿಯೇ ಇದ್ದಾಳೆ, ಮೈಗಳ್ಳಿಯೂ ಅಲ್ಲ. ಪುಸ್ತಕದಲ್ಲಿರುವುದನ್ನು ನೋಡಿ ‘ಇದು ಗೊತ್ತು’ ಎನ್ನುವುದಕ್ಕೂ ಪುಸ್ತಕವಿಲ್ಲದೆ ಅದನ್ನು ಹೇಳುವುದಕ್ಕೂ ಇರುವ ಅಂತರವನ್ನು ಅವಳಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಈ ಅಂತರ ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ತೋರಿಸಿದೆ. ಗದ್ಯಭಾಗವೊಂದನ್ನು ಕಾಲೇಜು ವಿದ್ಯಾರ್ಥಿಗಳು ಎರಡು ಸಲ ಓದಿದಾಗ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಹೆಚ್ಚು ನೆನಪಿಟ್ಟುಕೊಂಡಿದ್ದರು. ಆದರೆ ಒಂದು ಸಲ ಓದಿ, ಆಮೇಲೆ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದಿದ್ದಾಗ, ವಾರದ ನಂತರವೂ ಶೇ 56ರಷ್ಟು ನೆನಪಿತ್ತು. ಎರಡು ಸಲ ಬರಿದೇ ಓದಿದ್ದು ಅಷ್ಟರಲ್ಲಿ ಶೇ 42ಕ್ಕೆ ಇಳಿದಿತ್ತು. ಹಾಗಾಗಿ ತಿರುಗಿ ತಿರುಗಿ ಓದಿದ ಮಗುವಿಗೆ ಆ ರಾತ್ರಿ ಎಲ್ಲವೂ ಬಂದಂತೆ ಅನ್ನಿಸುವುದು ಸುಳ್ಳೇನಲ್ಲ. ಪರೀಕ್ಷೆ ಇರುವುದು ಆ ರಾತ್ರಿಯಲ್ಲ, ಅಷ್ಟೆ. ಇಂದಿನ ಪಾಠವನ್ನು ಸಂಜೆ ಪುಸ್ತಕ ಮುಚ್ಚಿ ಬರೆದು ನೋಡುವುದು, ತಪ್ಪಿದ್ದನ್ನು ತಿದ್ದಿ ಎರಡು ದಿನ ಬಿಟ್ಟು, ಮತ್ತೆ ಮುಂದಿನ ವಾರ ಅದನ್ನೇ ಕೇಳಿಕೊಳ್ಳುವುದು: ಇದಕ್ಕೆ ಕೋಚಿಂಗ್ ಸೆಂಟರ್ ಬೇಕಿಲ್ಲ, ಆದರೆ ದಿನಕ್ಕೊಂದು ಗಂಟೆಯ ಬಿಡುವು ಬೇಕೇ ಬೇಕು. ಆ ಗಂಟೆಯನ್ನೇ ಸ್ಪೆಷಲ್ ಕ್ಲಾಸ್ ನುಂಗಿಹಾಕಿದೆ.

ಅದು ನುಂಗಿದ ಇನ್ನೊಂದು ವಸ್ತು ನಿದ್ದೆ. ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು, ನಾವೂ ಮಕ್ಕಳಿಗೆ ಅದನ್ನೇ ಹೇಳುತ್ತೇವೆ. ಹಾಗೆ ಹೇಳುತ್ತಿದ್ದವರು ಒಂಬತ್ತಕ್ಕೆಲ್ಲ ದೀಪ ಆರಿಸಿ ಮಲಗುತ್ತಿದ್ದರೆಂಬುದನ್ನು ಮಾತ್ರ ಮರೆತಿದ್ದೇವೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಶಿಫಾರಸು ಮಾಡಿದೆ. ಹದಿಹರೆಯದಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುವುದರಿಂದ, ಈ ವಯಸ್ಸಿನವರಿಗೆ ಬೇಗ ನಿದ್ದೆ ಹತ್ತದಿರುವುದು ಬರೀ ಹಟವೂ ಅಲ್ಲ. ಹನ್ನೊಂದೂವರೆಗೆ ಮಲಗಿದ ಮಗುವನ್ನು ಐದಕ್ಕೆ ಎಬ್ಬಿಸಿ, ಕೈಗೆ ಕಾಫಿ ಲೋಟ ಕೊಟ್ಟು ಪುಸ್ತಕದ ಮುಂದೆ ಕೂರಿಸಿದರೆ, ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಬೇಕಾದ ಹೊತ್ತನ್ನೇ ಕಿತ್ತುಕೊಂಡಂತಾಗುತ್ತದೆ. ಮೊಬೈಲಿನ ಪಾಲೂ ಇದರಲ್ಲಿದೆ, ನಿಜ. ಆದರೆ ಮಗುವಿನ ಫೋನ್ ಕಿತ್ತಿಟ್ಟು ಪಕ್ಕದಲ್ಲೇ ಕುಳಿತು ರೀಲ್ಸ್ ನೋಡುವ ಅಪ್ಪ ಅಮ್ಮಂದಿರ ಬುದ್ಧಿಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ಈಚೆಗೆ ಕೆಲವು ಶಾಲೆಗಳು ಮಕ್ಕಳಲ್ಲಿ ಹುಮ್ಮಸ್ಸು ತುಂಬಲು ಭಾಷಣಕಾರರನ್ನು ಕರೆಸುತ್ತಿವೆ. ಸಭಾಂಗಣದಲ್ಲಿ ಚಪ್ಪಾಳೆ ಬೀಳುತ್ತದೆ, ಮೂರನೆಯ ದಿನಕ್ಕೆ ಎಲ್ಲ ಮೊದಲಿನಂತೆಯೇ. ನಿನ್ನೆ ಬಾರದಿದ್ದ ಒಂದು ಲೆಕ್ಕ ಇಂದು ತಾನಾಗಿ ಬಿಡಿಸಲು ಬಂತೆಂಬ ಖುಷಿ ಕೊಡುವ ಹುರುಪನ್ನು ಯಾವ ಭಾಷಣವೂ ಕೊಡಲಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪೆಷಲ್ ಕ್ಲಾಸನ್ನು ಪೂರ್ತಿ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಮಕ್ಕಳಿಗೆ ಅದೇ ಆಸರೆ. ಬೆಳಗಿನ ತರಗತಿಯನ್ನು ಕೈಬಿಟ್ಟು, ಸಂಜೆಯ ಅವಧಿಯಲ್ಲಿ ಮತ್ತೆ ಪಾಠ ಮಾಡುವ ಬದಲು ಮಕ್ಕಳನ್ನೇ ಓದಲು, ಬರೆಯಲು ಬಿಡಲಿ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ; ಅವುಗಳಿಂದ ದಿನಕ್ಕೆ ನಾಲ್ಕು ಪ್ರಶ್ನೆ ಕೊಟ್ಟು, ಶಿಕ್ಷಕರು ಸಾಲುಗಳ ನಡುವೆ ಓಡಾಡುತ್ತ ತಪ್ಪು ತಿದ್ದಿದರೆ ಸಾಕು. ಒಂದೇ ಕೋಣೆಯ ಮನೆಯಲ್ಲಿ, ಟಿ.ವಿ. ಸದ್ದಿನ ನಡುವೆ ಓದಬೇಕಾದ ಮಕ್ಕಳು ಈ ನಗರದಲ್ಲಿ ಕಡಿಮೆಯೇನಿಲ್ಲ. ಅಂಥವರಿಗಾಗಿ ಬಡಾವಣೆಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಸಂಜೆ ಒಂದು ಮೇಜನ್ನಾದರೂ ಮೀಸಲಿಡಬೇಕು. ಆಸ್ತಿ ತೆರಿಗೆಯ ಜತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಾವು ಕಟ್ಟುತ್ತಲೇ ಇರುವುದರಿಂದ ಇದು ದೊಡ್ಡ ಬೇಡಿಕೆಯೇನಲ್ಲ.

ಪೋಷಕರಲ್ಲೂ ಒಂದು ವಿನಂತಿ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮೊದಲು ಮಗುವಿನ ದಿನದ ವೇಳಾಪಟ್ಟಿಯನ್ನು ಮುಖ್ಯ ಶಿಕ್ಷಕರ ಮುಂದಿಟ್ಟು, ಸ್ವಂತ ಓದಿಗೆ ಯಾವ ಗಂಟೆ, ನಿದ್ದೆಗೆ ಎಷ್ಟು ಗಂಟೆ ಎಂದು ಕೇಳಿ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ,
ಬನಶಂಕರಿ, ಬೆಂಗಳೂರು