ವಾಕ್-ಆನ್ ಹುಡುಗನ ಲೆಕ್ಕ

ನೆಬ್ರಾಸ್ಕಾ
8 ಫೆಬ್ರವರಿ 2026, ಭಾನುವಾರ

ಪ್ರೀತಿಯ ಅಪ್ಪಾಜಿ, ಅಮ್ಮ,

ನಾನಿಲ್ಲಿ ಕ್ಷೇಮ. ಚಳಿ ಇನ್ನೂ ಬಿಟ್ಟಿಲ್ಲ. ಕಾರಿನ ಗಾಜಿನ ಮೇಲೆ ಕಟ್ಟಿದ ಹಿಮ ಕೆರೆಯೋಕೆ ಬೆಳಿಗ್ಗೆ ಹತ್ತು ನಿಮಿಷ ಹಿಡಿಯಿತು. ಅಮ್ಮ ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ, ಯೋಚನೆ ಬೇಡ.

ಅಪ್ಪಾಜಿ, ನನ್ನ ಹತ್ತಿರ ಓದುವ ಒಬ್ಬ ಹುಡುಗನನ್ನು ಇಲ್ಲಿಯ ಯೂನಿವರ್ಸಿಟಿಯ ಫುಟ್‌ಬಾಲ್ ತಂಡದವರು ಕರೆದ ವಿಷಯಕ್ಕೆ ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಸ್ಕಾಲರ್‌ಶಿಪ್ ಕೊಡಲ್ಲ, ಆಡಿಸ್ತೀವಿ ಅಂತ ಮಾತೂ ಕೊಡಲ್ಲ, ಆದ್ರೂ ಬಾ ಅಂತಾರೆ. ಇದ್ಯಾವ ಸೀಮೆ ಕರೆಯೋದಮ್ಮ?" ಅಂದಿರಿ. ಮೂವತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು ನೀವು. ನಿಮಗೆ ಅರ್ಧಂಬರ್ಧ ಹೇಳಿ ಬಿಡಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ.

ಮೊದಲು ಈ ರಾಜ್ಯದ ವಿಷಯ ಹೇಳುತ್ತೇನೆ. ನೆಬ್ರಾಸ್ಕಾದ ಜನಸಂಖ್ಯೆ ಸುಮಾರು 20 ಲಕ್ಷ. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅದರ ದೊಡ್ಡ ವೃತ್ತಿಪರ ತಂಡ ಈ ರಾಜ್ಯದಲ್ಲಿ ಇಲ್ಲ. ಲಿಂಕನ್‌ನಲ್ಲಿರುವ ಯೂನಿವರ್ಸಿಟಿಯ ತಂಡವೇ ಎಲ್ಲರ ತಂಡ. ಹಸ್ಕರ್ಸ್ ಅಂತಾರೆ. ಅವರ ಮೆಮೋರಿಯಲ್ ಸ್ಟೇಡಿಯಂನಲ್ಲಿ 85,000 ಜನ ಕೂರಬಹುದು. 1962ರಿಂದ ಅಲ್ಲಿ ಒಂದು ಪಂದ್ಯಕ್ಕೂ ಟಿಕೆಟ್ ಉಳಿದಿಲ್ಲ. ಪಂದ್ಯದ ದಿನ ಆ ಸ್ಟೇಡಿಯಮ್ಮೇ ರಾಜ್ಯದ ಮೂರನೇ ದೊಡ್ಡ ಊರು ಅಂತ ಇಲ್ಲಿಯವರು ಹೇಳುತ್ತಾರೆ. ಅದು ನಿಜ ಕೂಡ.

ಇನ್ನು ವಾಕ್-ಆನ್ ಅಂದರೆ ಏನು ಅಂತ. ಕಾಲೇಜು ಕರೆದು ಫೀಸು, ಹಾಸ್ಟೆಲ್ಲು, ಊಟ ಎಲ್ಲ ಕೊಟ್ಟು ಆಡಿಸುವ ಹುಡುಗರು ಒಂದು ಕಡೆ. ತನ್ನ ಖರ್ಚಿನಲ್ಲಿ ಓದುತ್ತಾ ಅದೇ ತಂಡದಲ್ಲಿ ಬೆವರು ಸುರಿಸುವವನು ವಾಕ್-ಆನ್. ಇವರಲ್ಲೂ ಎರಡು ಥರ. ಒಬ್ಬ ತಾನಾಗಿ ಹೋಗಿ ಟ್ರೈಔಟ್, ಅಂದರೆ ಆಯ್ಕೆಯ ಪರೀಕ್ಷೆ, ಕೊಟ್ಟವನು. ಇನ್ನೊಬ್ಬನನ್ನು ಕೋಚ್‌ಗಳೇ ಹುಡುಕಿಕೊಂಡು ಬಂದಿರುತ್ತಾರೆ. "ತಂಡದಲ್ಲಿ ಜಾಗ ಇದೆ, ದುಡ್ಡು ಇಲ್ಲ" ಅಂತ ಹೇಳಿ ಕರೆಯುತ್ತಾರೆ. ಅವನನ್ನು ಪ್ರಿಫರ್ಡ್ ವಾಕ್-ಆನ್ ಅನ್ನುತ್ತಾರೆ. ನಮ್ಮ ಹುಡುಗ ಈ ಎರಡನೇ ಥರದವನು.

ನಮ್ಮ ಹುಡುಗ ಅಂದೆ ಅಲ್ವಾ. ಹೆಸರು ಬೇಡ. ನನ್ನ ಹತ್ತಿರ ಲೆಕ್ಕ ಕಲಿಯುತ್ತಾನೆ, ಹನ್ನೆರಡನೇ ಕ್ಲಾಸು. ಅವನ ತಾಯಿ ನಮ್ಮ ಸ್ಕೂಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ತಂದೆ ಇಲ್ಲ. ನಮ್ಮ ಸ್ಕೂಲು ಎಷ್ಟು ಸಣ್ಣದೆಂದರೆ ಹನ್ನೊಂದು ಜನರ ತಂಡ ಕಟ್ಟಲು ಹುಡುಗರು ಸಾಲುವುದಿಲ್ಲ. ಎಂಟು ಜನರ ಫುಟ್‌ಬಾಲ್ ಆಡುತ್ತಾರೆ. ಸುತ್ತಮುತ್ತಲ ಹಳ್ಳಿ ಸ್ಕೂಲುಗಳಲ್ಲೆಲ್ಲ ಹಾಗೆಯೇ. ಅಂಥ ಕಡೆಯಿಂದ ಒಬ್ಬನನ್ನು ಲಿಂಕನ್‌ನವರು ನೋಡುವುದೇ ಕಷ್ಟ.

ಇವನು ಲಾಂಗ್ ಸ್ನ್ಯಾಪರ್. ಈ ಕೆಲಸ ನಿಮಗೆ ಇಷ್ಟವಾಗುತ್ತದೆ, ಕೇಳಿ. ಕಾಲು ಅಗಲಿಸಿ ಬಗ್ಗಿ ನಿಲ್ಲಬೇಕು. ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕಾಲಿನ ಸಂದಿಯಿಂದ ಹಿಂದಕ್ಕೆ ಎಸೆಯಬೇಕು. ಹದಿನೈದು ಗಜ ಹಿಂದೆ ನಿಂತು ಚೆಂಡು ಒದೆಯುವವನ ಕೈಗೆ ಅದು ಮುಕ್ಕಾಲು ಸೆಕೆಂಡಿನಲ್ಲಿ, ನೆಟ್ಟಗೆ ಸೊಂಟದ ಎತ್ತರಕ್ಕೆ ಹೋಗಬೇಕು. ಎಸೆದ ತಕ್ಷಣ ಎದುರಿನವನು ಮೈಮೇಲೆ ಬೀಳುತ್ತಾನೆ, ಅವನನ್ನೂ ತಡೆಯಬೇಕು. ಸರಿಯಾಗಿ ಮಾಡಿದರೆ ಯಾರೂ ಗಮನಿಸುವುದಿಲ್ಲ. ಒಂದು ಸಲ ತಪ್ಪಿದರೆ ಪಂದ್ಯವೇ ಹೋಗಬಹುದು. ಈ ಜಾಗಕ್ಕೆ ಸ್ಕಾಲರ್‌ಶಿಪ್ ಸಿಗುವುದು ಕಡಿಮೆ. ಅದಕ್ಕೇ ಇಂಥ ಹುಡುಗರನ್ನು ವಾಕ್-ಆನ್ ಆಗಿ ಕರೆಯುವುದು ಜಾಸ್ತಿ.

ಅವನ ಮನೆಯ ಟ್ರಾಕ್ಟರ್ ಶೆಡ್ಡಿನ ತಗಡಿನ ಗೋಡೆಗೆ ಒಂದು ಹಳೇ ಟೈರು ನೇತುಹಾಕಿದ್ದಾನೆ. ಟೈರಿನ ಹಿಂದೆ ಒಂದು ಹರಕು ಹಾಸಿಗೆ. ಚೆಂಡು ಟೈರಿನ ಒಳಗೆ ಹೋದರೆ ಸದ್ದೇ ಇಲ್ಲ. ತಪ್ಪಿದರೆ ತಗಡು ಧಡ್ ಅನ್ನುತ್ತದೆ. ಅವನ ತಾಯಿ ಒಳಗೆ ಪಾತ್ರೆ ತೊಳೆಯುತ್ತಾ ಸದ್ದಿನ ಮೇಲೆ ಲೆಕ್ಕ ಇಡುತ್ತಾರೆ. ಆಟ ಗೊತ್ತಿಲ್ಲದ ತಾಯಿ ಅವರು. ಆದರೆ ಮಗ ಇವತ್ತು ನೂರಕ್ಕೆ ಎಷ್ಟು ತಪ್ಪಿದ ಅಂತ ಕಿಟಕಿ ತೆರೆಯದೆ ಹೇಳುತ್ತಾರೆ.

ಜನವರಿಯಲ್ಲಿ ಅವರು ನನ್ನನ್ನು ಮನೆಗೆ ಕರೆದರು. "ನೀವು ಲೆಕ್ಕದ ಟೀಚರ್ರು. ಒಂದು ಸಲ ಕೂತು ನೋಡಿ" ಅಂದರು. ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರವಿಕೊಂಡು ಕೂತೆವು. ಹೊರಗೆ ಆ ಚಳಿಯಲ್ಲೂ ಅವನು ಎಸೆಯುತ್ತಿದ್ದ.

ಎದುರಿಗೆ ಎರಡು ದಾರಿ ಇದ್ದವು. ಕಾಲೇಜು ಆಟಗಳಲ್ಲಿ ಒಂದು ಮೆಟ್ಟಿಲು ಕೆಳಗಿರುವ ಎರಡನೇ ಡಿವಿಷನ್‌ನ ಒಂದು ಕಾಲೇಜು ಸ್ವಲ್ಪ ಸ್ಕಾಲರ್‌ಶಿಪ್ ಕೊಡುತ್ತೇವೆ ಅಂದಿತ್ತು. ಆ ಡಿವಿಷನ್‌ನಲ್ಲಿ ಒಂದು ಫುಟ್‌ಬಾಲ್ ತಂಡಕ್ಕೆ ಇರುವುದೇ 36 ಪೂರ್ತಿ ಸ್ಕಾಲರ್‌ಶಿಪ್ಪಿನಷ್ಟು ದುಡ್ಡು. ಅದನ್ನೇ ಚೂರು ಚೂರು ಮಾಡಿ ತುಂಬಾ ಜನಕ್ಕೆ ಹಂಚುತ್ತಾರೆ. ಅಲ್ಲಿ ಹೋದರೆ ಮೊದಲ ವರ್ಷವೇ ಆಡಬಹುದಿತ್ತು. ಇನ್ನೊಂದು ದಾರಿ ಲಿಂಕನ್. ಅಲ್ಲಿ ಹೆಸರಿದೆ, ದುಡ್ಡಿಲ್ಲ.

ಲಿಂಕನ್‌ನಲ್ಲಿ ಇದೇ ರಾಜ್ಯದ ಹುಡುಗನಿಗೂ ಎಲ್ಲ ಸೇರಿ ವರ್ಷಕ್ಕೆ 25,000 ಡಾಲರ್‌ಗಿಂತ ಜಾಸ್ತಿ ಬೀಳುತ್ತದೆ. ಆದರೆ ಆದಾಯ ಕಡಿಮೆ ಇರುವ ಮನೆಯ ಮಕ್ಕಳ ಬೋಧನಾ ಶುಲ್ಕವನ್ನು ನೆಬ್ರಾಸ್ಕಾ ಪ್ರಾಮಿಸ್ ಅನ್ನುವ ಯೋಜನೆ ನೋಡಿಕೊಳ್ಳುತ್ತದೆ. ಇದು ಆಟಕ್ಕೆ ಸಂಬಂಧವೇ ಇಲ್ಲದ ಸಹಾಯ, ತಂಡ ಬಿಟ್ಟರೂ ಹೋಗುವುದಿಲ್ಲ. ಇದು ಆ ತಾಯಿಗೆ ಗೊತ್ತೇ ಇರಲಿಲ್ಲ! ಬಡ ಮನೆಯ ಮಕ್ಕಳ ಓದಿಗೆ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರ್ಯಾಂಟ್ ಬೇರೆ ಇದೆ. ಉಳಿದಿದ್ದು ಹಾಸ್ಟೆಲ್ಲು, ಪುಸ್ತಕ, ಚಿಲ್ಲರೆ ಖರ್ಚು. ಅದಕ್ಕೆ ಸರ್ಕಾರಿ ಸಾಲ ತೆಗೆಯಬಹುದು, ಮೊದಲ ವರ್ಷಕ್ಕೆ 5,500 ಡಾಲರ್‌ವರೆಗೆ.

ಅಮ್ಮ, ಊಟದ ವಿಷಯ ನಿನಗೆ. ಮೊದಲೆಲ್ಲ ತಂಡದ ಊಟ ಸ್ಕಾಲರ್‌ಶಿಪ್ ಹುಡುಗರಿಗೆ ಮಾತ್ರ. ಒಂದೇ ಮೈದಾನದಲ್ಲಿ ಬಿದ್ದು ಎದ್ದು ಬಂದವರಲ್ಲಿ ಕೆಲವರು ಊಟದ ಮನೆಗೆ, ಕೆಲವರು ಹೊರಗೆ. 2014ರಲ್ಲಿ ನಿಯಮ ಬದಲಾಯಿತು. ಈಗ ವಾಕ್-ಆನ್ ಹುಡುಗರಿಗೂ ಊಟ ಹಾಕಬಹುದು. ಇದನ್ನು ಓದಿದಾಗ ನನಗೆ ನಿಜವಾಗಿ ಸಮಾಧಾನವಾಯಿತು.

ಕಾಗದದಲ್ಲಿ ಬರೆಯದ ಒಂದು ಖರ್ಚು ಇದೆ. ಅದನ್ನು ನಾನೇ ಎತ್ತಿ ಹೇಳಿದೆ. ಈ ಹುಡುಗ ಪಾರ್ಟ್‌ಟೈಮ್ ಕೆಲಸ ಮಾಡಲಾರ. ವಾರಕ್ಕೆ ಹೆಚ್ಚೆಂದರೆ 20 ಗಂಟೆ ಅಭ್ಯಾಸ ಅಂತ ನಿಯಮ ಹೇಳುತ್ತದೆ. ಪ್ರಯಾಣ, ಗಾಯದ ಚಿಕಿತ್ಸೆ ಅದರಲ್ಲಿ ಸೇರುವುದಿಲ್ಲ. ಬೆಳಗಿನ ಜಾವ ಎದ್ದು ಜಿಮ್ಮು, ಆಮೇಲೆ ಕ್ಲಾಸು, ಸಂಜೆ ಮೈದಾನ. ಅಲ್ಲೂ ಹೊಸಬರ ಕೆಲಸ ಮುಂದಿನ ವಾರದ ಎದುರಾಳಿ ತಂಡದ ಹಾಗೆ ನಟಿಸಿ ಆಡಿ ದೊಡ್ಡವರನ್ನು ತಯಾರು ಮಾಡುವುದು. ಶನಿವಾರ ಪಂದ್ಯದಲ್ಲಿ ಹೆಸರೇ ಇರುವುದಿಲ್ಲ. ಎರಡು ವರ್ಷ ಹೀಗೇ ಹೋಗಬಹುದು, ನಾಲ್ಕೂ ಹೋಗಬಹುದು.

ಇಂಥ ಮನೆಗಳಲ್ಲಿ ಎಲ್ಲರ ಬಾಯಲ್ಲೂ ಕೆಲವು ಹೆಸರು ಇರುತ್ತವೆ. ಬೇಕರ್ ಮೇಫೀಲ್ಡ್ ವಾಕ್-ಆನ್ ಆಗಿ ಬಂದು 2017ರಲ್ಲಿ ಹೈಸ್ಮನ್ ಟ್ರೋಫಿ ಗೆದ್ದ, ಕಾಲೇಜು ಫುಟ್‌ಬಾಲ್‌ನ ಆ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಪ್ರಶಸ್ತಿ ಅದು. ಇದೇ ರಾಜ್ಯದ ಗ್ರೆಟ್ನಾ ಊರಿನ ಆಂಡಿ ಜಾನೊವಿಚ್ ಹಸ್ಕರ್ಸ್ ವಾಕ್-ಆನ್. 2016ರಲ್ಲಿ ಡೆನ್ವರ್‌ನ ವೃತ್ತಿಪರ ತಂಡ ಸೇರಿ, ಮೊದಲ ಸಲ ಚೆಂಡು ಕೈಗೆ ಬಂದಾಗಲೇ 28 ಗಜ ಓಡಿ, ಎದುರಾಳಿಯ ಕೊನೆಯ ಗೆರೆ ದಾಟಿ ಟಚ್‌ಡೌನ್ ಮಾಡಿದ. ನನಗೂ ಈ ಕಥೆಗಳು ಇಷ್ಟ. ಆದರೆ ಅವನ್ನು ಇಟ್ಟುಕೊಂಡು ಸಾಲ ತೆಗೆಯಬಾರದು ಅಂತ ಆ ತಾಯಿಗೆ ಹೇಳಿದೆ. ಸಾಲ ತೆಗೆಯುವುದು ಡಿಗ್ರಿಗೆ. ಒಂದು ದಿನವೂ ಆಡದಿದ್ದರೂ ಈ ಡಿಗ್ರಿ ಬೇಕಾ ಅಂತ ಕೇಳಿಕೊಳ್ಳಿ, ಹೌದು ಅಂದರೆ ಮಾತ್ರ ಹೊರಡಲಿ ಅಂದೆ.

ಅಪ್ಪಾಜಿ, ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ದುಡ್ಡಿಲ್ಲದೆ ಕರೆಯುವುದು ಮೋಸವಲ್ಲ. ದುಡ್ಡಿಲ್ಲ ಅಂತ ಬಾಯಿಬಿಟ್ಟು ಹೇಳದೆ ಕರೆಯುವುದು ಮೋಸ. ಬೇರೆ ಒಂದು ಕಾಲೇಜಿನ ಕೋಚ್ ಇವನಿಗೆ ಸೆಪ್ಟೆಂಬರ್‌ನಿಂದ ದಿನಾ ಮೆಸೇಜು ಹಾಕುತ್ತಿದ್ದರು. "ಸ್ಕಾಲರ್‌ಶಿಪ್ ಬಂದಂಗೇ ಅಂದ್ಕೋ" ಅನ್ನುವ ಧಾಟಿ. ಡಿಸೆಂಬರ್‌ನಲ್ಲಿ ಇನ್ನೊಬ್ಬ ಸಿಕ್ಕ. ಮೆಸೇಜು ನಿಂತಿತು. ಒಂದು ಫೋನೂ ಇಲ್ಲ. ಆ ತಿಂಗಳು ಹುಡುಗ ಕ್ಲಾಸಿನಲ್ಲಿ ತಲೆ ಎತ್ತಲಿಲ್ಲ. ಹದಿನೇಳು ವರ್ಷದ ಮಗು ಅದು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಲಿಂಕನ್‌ನಿಂದ ಬಂದವರು ಹಾಗಲ್ಲ. ನಮ್ಮ ಸ್ಕೂಲಿನ ಆಫೀಸಿನಲ್ಲಿ ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು, ದುಡ್ಡಿಲ್ಲ, ಆಡುವ ಭರವಸೆ ಇಲ್ಲ, ನಿಮ್ಮ ಮುಂದೆ ಇಬ್ಬರು ಸ್ನ್ಯಾಪರ್‌ಗಳಿದ್ದಾರೆ ಅಂತ ಮೊದಲೇ ಹೇಳಿದರು. ಆಮೇಲೆ 105ರ ವಿಷಯ ತೆಗೆದರು.

ಆ 105 ಈ ರಾಜ್ಯದವರಿಗೆ ನೋವಿನ ಸಂಖ್ಯೆ. 1973ರಲ್ಲಿ ಒಂದು ತಂಡಕ್ಕೆ 105 ಸ್ಕಾಲರ್‌ಶಿಪ್ ಅಂತ ಮಿತಿ ಹಾಕಿದರು. ಅದೇ ವರ್ಷ ಟಾಮ್ ಆಸ್ಬೋರ್ನ್ ಇಲ್ಲಿ ಹೆಡ್ ಕೋಚ್ ಆದರು. ಮಿತಿ ಆಮೇಲೆ 95ಕ್ಕೆ, 85ಕ್ಕೆ ಇಳಿಯಿತು. ಅವರು ಹಳ್ಳಿ ಹಳ್ಳಿಯ ವಾಕ್-ಆನ್ ಹುಡುಗರನ್ನು ಸೇರಿಸಿಕೊಂಡೇ ತಂಡ ಕಟ್ಟಿದರು. 1994, 1995, 1997ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದರು. ಈಗ ಆಟಗಾರರು ಹಾಕಿದ್ದ ಕೇಸಿನಲ್ಲಿ 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯ ಪ್ರಕಾರ ಸ್ಕಾಲರ್‌ಶಿಪ್ ಮಿತಿ ಹೋಯಿತು, ಆಟಗಾರರಿಗೆ ಕಾಲೇಜೇ ನೇರವಾಗಿ ದುಡ್ಡು ಕೊಡಬಹುದು. ಅದು ನ್ಯಾಯವೇ. ಆದರೆ ಇಡೀ ತಂಡ 105 ಜನ ಮೀರಬಾರದು. ಆಗಲೇ ತಂಡದಲ್ಲಿದ್ದು ಜಾಗ ಕಳೆದುಕೊಂಡವರಿಗೆ ನ್ಯಾಯಾಧೀಶರು ವಿನಾಯಿತಿ ಕೊಡಿಸಿದರು. ಹೊಸದಾಗಿ ಬರುವ ಇವನಿಗೆ ಅದಿಲ್ಲ. ಮೊದಲು 105 ಜನಕ್ಕೆ ಸ್ಕಾಲರ್‌ಶಿಪ್ಪು, ಅದರಾಚೆ ಎಷ್ಟು ಜನ ಬೇಕಾದರೂ ಬನ್ನಿ ಅನ್ನುತ್ತಿದ್ದ ಕಡೆ ಈಗ 105ಕ್ಕೇ ಬಾಗಿಲು.

ಅವತ್ತು ನಿಮ್ಮ ಹದಿಮೂರನೇ ಹುಡುಗ ನೆನಪಾದ, ಅಪ್ಪಾಜಿ. ಖೋಖೋ ಪಟ್ಟಿಯಲ್ಲಿ ಹನ್ನೆರಡೇ ಹೆಸರು. ಅವನು ಮಾತ್ರ ದಿನಾ ಎಲ್ಲರಿಗಿಂತ ಮುಂಚೆ ಬಂದು ಸುಣ್ಣದ ಗೆರೆ ಹಾಕುತ್ತಿದ್ದ. ತುಮಕೂರಿನ ಜಿಲ್ಲಾ ಪಂದ್ಯಕ್ಕೆ ನೀವು ಕೈಯಿಂದ ಬಸ್ ಚಾರ್ಜು ಹಾಕಿ ಅವನನ್ನೂ ಕರೆದುಕೊಂಡು ಹೋಗಿದ್ದಿರಿ. ಅಮ್ಮ ಅವನಿಗೂ ಸೇರಿಸಿ ಚಿತ್ರಾನ್ನ ಕಟ್ಟಿದ್ದಳು. ಈ ಕಥೆಯನ್ನು ಆ ತಾಯಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು. ಹೊರಗೆ ತಗಡಿನ ಸದ್ದೂ ಇರಲಿಲ್ಲ.

ಮೊನ್ನೆ ಬುಧವಾರ ಸ್ಕೂಲಿನ ಜಿಮ್ಮಿನಲ್ಲಿ ಸಹಿ ಹಾಕುವ ಕಾರ್ಯಕ್ರಮ ಆಯಿತು. ವಾಕ್-ಆನ್‌ಗೆ ಸಹಿ ಹಾಕಲು ಸ್ಕಾಲರ್‌ಶಿಪ್ ಕರಾರು ಇರುವುದಿಲ್ಲ. ಆದರೂ ಅವನಿಗೆ ಮೇಜು ಹಾಕಿ, ಕೆಂಪು ಟೋಪಿ ಇಟ್ಟು, ಸ್ಕೂಲಿನವರೇ ಒಂದು ಕಾಗದ ಮಾಡಿಕೊಟ್ಟರು. ಅವನು ನಿಧಾನಕ್ಕೆ ಸಹಿ ಹಾಕಿದ. ಚಳಿಗೆ ಬೆರಳಿನ ತುದಿಗಳು ಬಿರಿದಿದ್ದವು, ಎರಡಕ್ಕೆ ಪಟ್ಟಿ ಸುತ್ತಿಕೊಂಡಿದ್ದ. ತಾಯಿ ಅಡುಗೆಮನೆಯ ಏಪ್ರನ್‌ನಲ್ಲೇ ಬಂದು ಪಕ್ಕದಲ್ಲಿ ನಿಂತರು.

ಬೇಸಿಗೆಯಲ್ಲಿ ಅವನು ಲಿಂಕನ್‌ಗೆ ಹೋಗುತ್ತಾನೆ. ತಂಡದ ಪಟ್ಟಿ ಗಟ್ಟಿಯಾದ ಮೇಲೆ ಬರೆಯುತ್ತೇನೆ. ಅಪ್ಪಾಜಿ, ಬೆರಳು ಬಿರಿಯದ ಹಾಗೆ ನೀವು ಹುಡುಗರಿಗೆ ಕೊಬ್ಬರಿ ಎಣ್ಣೆ ಜೊತೆ ಏನೋ ಕಾಯಿಸಿ ಹಚ್ಚುತ್ತಿದ್ದಿರಲ್ಲ, ಅದು ಏನು ಅಂತ ಮುಂದಿನ ಭಾನುವಾರ ಫೋನಿನಲ್ಲಿ ಹೇಳಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು